ಹಿತ್ತಲ ಪೆಟ್ಟಿಗೆಯಲ್ಲಿ ರೆನ್ ಗೂಡು ಕೆಟ್ಟಾಗ: ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಅಮೆರಿಕದ ಪೂರ್ವ ಮತ್ತು ಮಧ್ಯಪಶ್ಚಿಮ ರಾಜ್ಯಗಳಲ್ಲಿ ಹಿತ್ತಲಿಗೆ ಮರದ ಗೂಡುಪೆಟ್ಟಿಗೆ ಹಾಕಿದವರು ಬಹಳ ಬೇಗ ಪರಿಚಯ ಮಾಡಿಕೊಳ್ಳುವ ಹಕ್ಕಿ ಹೌಸ್ ರೆನ್. ಹತ್ತರಿಂದ ಹನ್ನೆರಡು ಗ್ರಾಂ ತೂಗುವ, ಮಾಸಲು ಕಂದು ಬಣ್ಣದ, ಬಾಲವನ್ನು ನಮ್ಮ ಸಿಂಪಿಗ ಹಕ್ಕಿಯಂತೆ ನೆಟ್ಟಗೆ ಎತ್ತಿಕೊಂಡು ಪೊದೆಯಿಂದ ಪೊದೆಗೆ ಓಡಾಡುವ ಈ ಹಕ್ಕಿ ಕರ್ನಾಟಕದಲ್ಲಿಲ್ಲ. ಭಾರತದಲ್ಲಿ ರೆನ್ ಕುಟುಂಬದ ಹಕ್ಕಿಯನ್ನು ನೋಡಬೇಕಾದರೆ ಹಿಮಾಲಯಕ್ಕೇ ಹೋಗಬೇಕು, ಅದೂ ಬೇರೆಯ ಪ್ರಭೇದ. ಹಾಗಾಗಿ ನ್ಯೂಜೆರ್ಸಿಯಲ್ಲೋ ಒಹಾಯೋದಲ್ಲೋ ಮನೆ ಮಾಡಿದ ಕನ್ನಡಿಗರಿಗೆ ಇದರ ನಡವಳಿಕೆಯ ಬಗ್ಗೆ ಊರಿನಿಂದ ಬಂದ ತಿಳಿವಳಿಕೆ ಯಾವುದೂ ಇರುವುದಿಲ್ಲ. ಪೆಟ್ಟಿಗೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ಗಾಬರಿಯಾಗುವ ಸಂದರ್ಭಗಳಲ್ಲಿ ಅನೇಕವು ವಾಸ್ತವವಾಗಿ ಹಕ್ಕಿಯ ಸಹಜ ಅಭ್ಯಾಸಗಳೇ ಆಗಿರುತ್ತವೆ. ನಿಜವಾದ ತೊಂದರೆಗಳಲ್ಲಿ ಬಹುಪಾಲು ಪೆಟ್ಟಿಗೆಯ ತೂತಿನ ಅಳತೆ ಮತ್ತು ಪೆಟ್ಟಿಗೆಯನ್ನು ನಿಲ್ಲಿಸಿದ ಜಾಗ ಇವೆರಡರಿಂದಲೇ ಹುಟ್ಟುತ್ತವೆ. ಆದುದರಿಂದ ಕೈ ಹಾಕುವ ಮೊದಲು ಪೆಟ್ಟಿಗೆಯೊಳಗೆ ಉಳಿದ ಗುರುತುಗಳನ್ನು ಓದುವುದನ್ನು ಕಲಿಯಬೇಕು.

ಎಲ್ಲವೂ ಸರಿಯಿದ್ದರೆ ಹೇಗಿರುತ್ತದೆ

ಸರಿಯಾದ ಸ್ಥಿತಿ ಗೊತ್ತಿಲ್ಲದೆ ದೋಷವನ್ನು ಗುರುತಿಸಲಾಗದು. ಪೆನ್ಸಿಲ್ವೇನಿಯಾ, ನ್ಯೂಜೆರ್ಸಿ, ಒಹಾಯೋ ಭಾಗದಲ್ಲಿ ಗಂಡು ರೆನ್ ಏಪ್ರಿಲ್ ಕೊನೆಯ ಹೊತ್ತಿಗೆ ದಕ್ಷಿಣದಿಂದ ವಲಸೆ ಬರುತ್ತದೆ. ಹೆಣ್ಣು ಬರುವ ಮೊದಲೇ ಅದು ತನ್ನ ಎಲ್ಲೆಯೊಳಗಿನ ಪೊಟರೆಗಳಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಒಣಕಡ್ಡಿ ತುಂಬಲು ತೊಡಗುತ್ತದೆ. ಹೆಣ್ಣು ಬಂದು ಅವುಗಳಲ್ಲಿ ಒಂದನ್ನು ಒಪ್ಪಿಕೊಂಡ ಮೇಲೆ, ಕಡ್ಡಿಗಳ ರಾಶಿಯ ಹಿಂಭಾಗದಲ್ಲಿ ಸಣ್ಣ ಬಟ್ಟಲಿನಂಥ ಗುಳಿ ಮಾಡಿ ಅದಕ್ಕೆ ನಯವಾದ ಹುಲ್ಲು, ಗರಿ, ಕೂದಲು ಹಾಸುತ್ತದೆ. ಮೇ ಮಧ್ಯದಿಂದ ದಿನಕ್ಕೊಂದರಂತೆ ಮೊಟ್ಟೆಗಳು ಬೀಳುತ್ತವೆ, ಸಾಮಾನ್ಯವಾಗಿ ಐದರಿಂದ ಎಂಟು. ಬಿಳುಪಿನ ಮೇಲೆ ಅಥವಾ ನಸುಗುಲಾಬಿಯ ಮೇಲೆ ಕೆಂಗಂದು ಚುಕ್ಕೆಗಳನ್ನು ಒತ್ತೊತ್ತಾಗಿ ಚಿಮುಕಿಸಿದಂತಿರುವ ಈ ಮೊಟ್ಟೆಗಳ ಉದ್ದ ಹದಿನಾರು-ಹದಿನೇಳು ಮಿಲಿಮೀಟರಿನಷ್ಟು ಮಾತ್ರ. ಕಾವು ಕೂರುವುದು ಹೆಣ್ಣೊಂದೇ, ಸುಮಾರು ಹನ್ನೆರಡು-ಹದಿಮೂರು ದಿನ. ಮರಿಗಳು ಹೊರಬರಲು ಮತ್ತೆ ಹದಿನೈದರಿಂದ ಹದಿನೇಳು ದಿನ ಬೇಕು. ಅಂದರೆ ಮೊದಲ ಮೊಟ್ಟೆಯಿಂದ ಮರಿ ಹಾರುವವರೆಗೆ ಸುಮಾರು ಐದು ವಾರ. ಅನುಕೂಲವಿದ್ದರೆ ಜೂನ್ ಕೊನೆಯಿಂದ ಎರಡನೆಯ ಸರದಿ ನಡೆಯುತ್ತದೆ.

ಈ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಬಹಳ ಉಪಯುಕ್ತ. "ತುಂಬ ದಿನವಾಯಿತು, ಇನ್ನೂ ಏನೂ ಆಗಿಲ್ಲ" ಎಂಬ ಅನಿಸಿಕೆಯಿಂದ ರೋಗ ನಿರ್ಣಯ ಸಾಧ್ಯವಿಲ್ಲ. ಎಷ್ಟನೆಯ ದಿನ ಎಂಬುದು ಗೊತ್ತಿದ್ದರೆ ಅರ್ಧ ಉತ್ತರ ಸಿಕ್ಕಂತೆ.

ಪೆಟ್ಟಿಗೆ ತೆರೆದು ನೋಡುವುದರಿಂದ ಹಾನಿಯಿಲ್ಲ, ಆದರೆ ಅದಕ್ಕೆ ಹೊತ್ತುಗೊತ್ತು ಇದೆ. ಮೊಟ್ಟೆಯಿಡುವುದು ಬೆಳಗಿನ ಹೊತ್ತಾದ್ದರಿಂದ ಮಧ್ಯಾಹ್ನದ ಮೇಲೆ, ಮಳೆಯಿಲ್ಲದ ದಿನ, ಮೂರು-ನಾಲ್ಕು ದಿನಕ್ಕೊಮ್ಮೆ ಸಾಕು. ಮೊದಲು ಪಕ್ಕದ ಹಲಗೆಯನ್ನು ಮೆಲ್ಲಗೆ ತಟ್ಟಿ, ಒಳಗಿದ್ದ ತಾಯಿಗೆ ಹೊರಡಲು ಅವಕಾಶ ಕೊಟ್ಟು, ಸಣ್ಣ ಕನ್ನಡಿ ಅಥವಾ ಫೋನಿನ ಕ್ಯಾಮೆರಾ ಹಿಡಿದು ಒಂದು ನಿಮಿಷದೊಳಗೆ ಮುಗಿಸಬೇಕು. ಮನುಷ್ಯರ ವಾಸನೆ ತಾಗಿದರೆ ತಾಯಿ ಗೂಡು ಬಿಟ್ಟುಹೋಗುತ್ತದೆ ಎಂಬ ಮಾತು ಅಲ್ಲಿಯೂ ಇದೆ, ಇಲ್ಲಿಯೂ ಇದೆ, ಅದು ನಿಜವಲ್ಲ. ಆದರೆ ಮರಿಗಳಿಗೆ ಹನ್ನೆರಡು ದಿನ ತುಂಬಿದ ಮೇಲೆ ಬಾಗಿಲು ತೆರೆಯಲೇಬಾರದು, ಏಕೆಂದರೆ ಬೆದರಿದ ಮರಿಗಳು ರೆಕ್ಕೆ ಬಲಿಯುವ ಮೊದಲೇ ಹೊರಕ್ಕೆ ನೆಗೆದುಬಿಡುತ್ತವೆ, ಮತ್ತೆ ಒಳಗೆ ಬಿಟ್ಟರೂ ನಿಲ್ಲುವುದು ಕಷ್ಟ.

ಹಕ್ಕಿ ಯಾವುದು, ತೂತು ಎಷ್ಟು

ಎಲ್ಲ ಪರೀಕ್ಷೆಗೂ ಮೊದಲು ಈ ಎರಡು ಪ್ರಶ್ನೆಗಳನ್ನು ಬಗೆಹರಿಸಿಕೊಳ್ಳಬೇಕು. 2024ರಲ್ಲಿ ಹೌಸ್ ರೆನ್ ಅನ್ನು ಹಲವು ಪ್ರಭೇದಗಳಾಗಿ ವಿಂಗಡಿಸಿದ್ದರಿಂದ ಈಗ ಫೋನಿನ ಪಕ್ಷಿ ಆ್ಯಪುಗಳಲ್ಲಿ ಈ ಹಕ್ಕಿಯ ಹೆಸರು ನಾರ್ದರ್ನ್ ಹೌಸ್ ರೆನ್ ಎಂದು ಬರುತ್ತದೆ. ಹೆಸರು ಬದಲಾದದ್ದನ್ನು ಕಂಡು ಬೇರೆ ಹಕ್ಕಿಯೆಂದು ಭಾವಿಸಬೇಕಾಗಿಲ್ಲ. ಕಣ್ಣಿನ ಮೇಲೆ ಎದ್ದುಕಾಣುವ ಬಿಳಿ ಹುಬ್ಬು, ತುಕ್ಕುಗೆಂಪು ಬೆನ್ನು, ತುಸು ದೊಡ್ಡ ಮೈ ಇದ್ದರೆ ಅದು ಕ್ಯಾರೊಲಿನಾ ರೆನ್. ಅದು ವಲಸೆ ಹೋಗುವುದಿಲ್ಲ, ಗಂಡುಹೆಣ್ಣು ವರ್ಷವಿಡೀ ಜೊತೆಗಿರುತ್ತವೆ, ಮುಚ್ಚಿದ ಪೆಟ್ಟಿಗೆಗಿಂತ ತೂಗುಹಾಕಿದ ಹೂಕುಂಡ, ಗ್ಯಾರೇಜಿನ ಅಟ್ಟ, ಹಳೆಯ ಬೂಟುಗಳಂಥ ತೆರೆದ ಜಾಗಗಳೇ ಅದಕ್ಕೆ ಇಷ್ಟ. ಕ್ಯಾರೊಲಿನಾ ರೆನ್ ದಿನವೂ ಹಿತ್ತಲಲ್ಲಿ ಹಾಡುತ್ತಿದ್ದು ಪೆಟ್ಟಿಗೆಯನ್ನು ಮೂಸಿಯೂ ನೋಡದಿದ್ದರೆ ಪೆಟ್ಟಿಗೆಯಲ್ಲಿ ದೋಷ ಹುಡುಕುವುದು ವ್ಯರ್ಥ. ಅದಕ್ಕೆ ಒಂದೂವರೆ ಇಂಚಿನ ತೂತು ಬೇಕು, ಅದಿದ್ದರೂ ಬರುವ ಭರವಸೆಯಿಲ್ಲ.

ಹೌಸ್ ರೆನ್‌ಗೆ ಬೇಕಾದ ತೂತಿನ ವ್ಯಾಸ ಒಂದು ಇಂಚಿನಿಂದ ಒಂದು ಇಂಚು ಮತ್ತು ಎಂಟನೇ ಒಂದು ಭಾಗ (1⅛ ಇಂಚು), ಎಂದರೆ 25ರಿಂದ 28.5 ಮಿಲಿಮೀಟರ್. ಅಳತೆಪಟ್ಟಿಯನ್ನು ದುಂಡನೆಯ ತೂತಿಗೆ ಹಿಡಿದರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ, ಮತ್ತು ಇಲ್ಲಿ ಆ ಒಂದೆರಡು ಮಿಲಿಮೀಟರೇ ಮುಖ್ಯ. ನಾಣ್ಯಗಳು ಹೆಚ್ಚು ವಿಶ್ವಾಸಾರ್ಹ. ಅಮೆರಿಕದ ಕ್ವಾರ್ಟರ್ ನಾಣ್ಯದ ವ್ಯಾಸ 24.26 ಮಿಲಿಮೀಟರ್, ಅದು ಒಂದಿಂಚಿನ ತೂತಿನಲ್ಲಿ ಅಂಚಿಗೆ ತಾಗಿಯೂ ತಾಗದಂತೆ ದಾಟುತ್ತದೆ. ಊರಿಂದ ಬರುವಾಗ ಪರ್ಸಿನಲ್ಲಿ ಉಳಿದ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರಿನದು, 28.5ರ ತೂತಿನಲ್ಲಿ ಅದು ಸುಲಭವಾಗಿ ತೂರುತ್ತದೆ, ಒಂದಿಂಚಿನದರಲ್ಲಿ ತೂರುವುದಿಲ್ಲ. ಅರ್ಧ ಡಾಲರ್ ನಾಣ್ಯ 30.6 ಮಿಲಿಮೀಟರ್ ಇರುವುದರಿಂದ ಅದು ದಾಟಿತೆಂದರೆ ತೂತು ದೊಡ್ಡದಾಗಿದೆ ಎಂದೇ ಅರ್ಥ. ಈ ಪರೀಕ್ಷೆಯನ್ನು ಪ್ರತಿ ವರ್ಷ ಮಾಡಬೇಕು. ಕೊಂಡಾಗ ಸರಿಯಿದ್ದ ತೂತನ್ನು ಅಳಿಲು ಕಡಿದು, ಮರಕುಟಿಗ ಕುಟ್ಟಿ ಅಗಲ ಮಾಡಿರುವುದು ಅಪರೂಪವೇನಲ್ಲ, ಅಂಚಿನಲ್ಲಿ ಹಲ್ಲಿನ ಗುರುತು ಅಥವಾ ಹೊಸ ಮರದ ತಿಳಿಬಣ್ಣ ಕಂಡರೆ ಅದೇ ಸಾಕ್ಷಿ.

ಲಕ್ಷಣ: ಪೆಟ್ಟಿಗೆ ತುಂಬ ಕಡ್ಡಿ, ಮೊಟ್ಟೆ ಮಾತ್ರ ಇಲ್ಲ

ರೆನ್ ಪೆಟ್ಟಿಗೆಯ ಬಗ್ಗೆ ಬರುವ ದೂರುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ತಳದಿಂದ ತೂತಿನವರೆಗೆ ಒಣಕಡ್ಡಿ ಒತ್ತಾಗಿ ತುಂಬಿರುತ್ತದೆ, ಬಾಗಿಲು ತೆರೆದರೆ ಕಡ್ಡಿಗಳು ಚಿಮ್ಮಿ ಹೊರಬೀಳುತ್ತವೆ, ಪೆಟ್ಟಿಗೆಯ ಕೆಳಗೆ ನೆಲದ ಮೇಲೂ ಕಡ್ಡಿಗಳ ಸಣ್ಣ ರಾಶಿ ಬಿದ್ದಿರುತ್ತದೆ. ಯಾವುದೋ ಪ್ರಾಣಿ ಗೂಡನ್ನು ಕಿತ್ತು ಎಳೆದಿದೆ ಎಂದು ಅನೇಕರು ತಿಳಿಯುತ್ತಾರೆ. ವಾಸ್ತವವಾಗಿ ಆ ಕೆಳಗಿನ ರಾಶಿ ಗಂಡಿನ ಕೈಜಾರಿದ ಕಡ್ಡಿಗಳದು. ದೂರ ನಿಂತು ಹತ್ತು ನಿಮಿಷ ನೋಡಿದರೆ ಕಾರಣ ಕಾಣುತ್ತದೆ: ತನ್ನ ಮೈಗಿಂತ ಉದ್ದದ ಕಡ್ಡಿಯ ನಡುವನ್ನು ಕೊಕ್ಕಿನಲ್ಲಿ ಹಿಡಿದು ಬಂದ ಹಕ್ಕಿ ಅದನ್ನು ಅಡ್ಡಲಾಗಿಯೇ ತೂತಿಗೆ ತಳ್ಳಲು ನೋಡುತ್ತದೆ, ಕಡ್ಡಿಯ ಎರಡೂ ತುದಿ ಹಲಗೆಗೆ ತಾಗಿ ನಿಲ್ಲುತ್ತವೆ, ಒಂದೆರಡು ಬಾರಿ ಗುದ್ದಿ ಸೋತ ಮೇಲೆ ಕೊಕ್ಕನ್ನು ಒಂದು ತುದಿಗೆ ಸರಿಸಿಕೊಂಡು ಉದ್ದುದ್ದ ತಳ್ಳುತ್ತದೆ, ಇಲ್ಲವೇ ಬೀಳಿಸಿ ಇನ್ನೊಂದನ್ನು ತರಲು ಹೊರಡುತ್ತದೆ. ಬಿದ್ದದ್ದನ್ನು ಮತ್ತೆ ಎತ್ತಿಕೊಳ್ಳುವ ಗೋಜಿಗೆ ಅದು ಹೆಚ್ಚಾಗಿ ಹೋಗುವುದಿಲ್ಲ.

ಒಂದೇ ಗಂಡು ಹಲವು ಪೊಟರೆಗಳಿಗೆ ಕಡ್ಡಿ ತುಂಬಿಡುವುದರಿಂದ, ನಿಮ್ಮ ಪೆಟ್ಟಿಗೆ ಹೆಣ್ಣು ಒಪ್ಪದೆ ಬಿಟ್ಟ ಗೂಡುಗಳಲ್ಲಿ ಒಂದಾಗಿರಬಹುದು. ಇದನ್ನು ನಿರ್ಧರಿಸಲು ಮೊದಲು ರಾಶಿಯ ಹಿಂಭಾಗವನ್ನು, ಎಂದರೆ ತೂತಿಗೆ ಎದುರಿನ ಹಿಂಗೋಡೆಯ ಬುಡವನ್ನು, ಕನ್ನಡಿಯಲ್ಲಿ ನೋಡಬೇಕು. ಅಲ್ಲಿ ಗರಿ ಅಥವಾ ಕೂದಲು ಹಾಸಿದ ಗುಳಿಯಿದ್ದರೆ ಹೆಣ್ಣು ಬಂದಿದೆ, ಮೊಟ್ಟೆ ಇನ್ನೇನು ಬರಬೇಕು. ಮುಂದಿನ ಕೆಲವು ದಿನ ಪೆಟ್ಟಿಗೆ ಮುಟ್ಟದಿರುವುದೇ ಒಳ್ಳೆಯದು. ಬರಿಯ ಕಡ್ಡಿಯಿದ್ದು ಗುಳಿಯಿಲ್ಲದಿದ್ದರೆ ಕಿವಿಗೊಡಬೇಕು. ಜೋಡಿಯಿಲ್ಲದ ಗಂಡು ಬೆಳಗಿನಿಂದ ಸಂಜೆಯವರೆಗೆ ಗುಳುಗುಳು ಸದ್ದಿನ ಉದ್ದನೆಯ ಹಾಡನ್ನು ಬಿಡದೆ ಹಾಡುತ್ತದೆ. ಹಾಡು ಹಾಗೆಯೇ ನಡೆದಿದ್ದರೆ ಹೆಣ್ಣು ಇನ್ನೂ ಬಂದಿಲ್ಲವೆಂದು ತಿಳಿಯಬೇಕು, ಕಾಯುವುದರ ಹೊರತು ಮಾಡುವಂಥದ್ದೇನಿಲ್ಲ. ಹಾಡು ತಗ್ಗಿ, ಹಕ್ಕಿಗಳು ಪಕ್ಕದ ಮನೆಯ ಬೇಲಿಯಾಚೆ ಹೆಚ್ಚಾಗಿ ಕಾಣತೊಡಗಿದರೆ ಹೆಣ್ಣು ಅಲ್ಲಿನ ಪೊಟರೆಯನ್ನು ಆರಿಸಿಕೊಂಡಿದೆ.

ಇಂಥ ಖಾಲಿ ಕಡ್ಡಿಗೂಡನ್ನು ಕಿತ್ತುಹಾಕಬೇಕೆ? ಬೇಡವೆಂಬುದು ನನ್ನ ಅಭಿಪ್ರಾಯ. ಮೊದಲ ಸರದಿಗೆ ಬೇಡವಾದ ಗೂಡನ್ನೇ ಎರಡನೆಯ ಸರದಿಗೆ ಬಳಸುವ ಸಾಧ್ಯತೆಯಿದೆ, ಮೊದಲ ಮರಿಗಳು ಇನ್ನೂ ಗೂಡಿನಲ್ಲಿರುವಾಗಲೇ ಗಂಡು ಎರಡನೆಯ ಹೆಣ್ಣನ್ನು ಕರೆತಂದು ಅಲ್ಲಿ ನೆಲೆಗೊಳಿಸುವುದೂ ಉಂಟು. ಕಿತ್ತರೆ ಅದು ಮತ್ತೆ ಅಷ್ಟೇ ಕಡ್ಡಿ ತಂದು ತುಂಬುತ್ತದೆ. ಕಡ್ಡಿಗಳ ನಡುವೆ ಜೇಡರ ಬಿಳಿಯ ಮೊಟ್ಟೆಚೀಲಗಳು ಸಿಕ್ಕರೆ ಅವನ್ನೂ ಹಾಗೆಯೇ ಬಿಡಿ. ರೆನ್‌ಗಳು ಅವನ್ನು ಬೇಕೆಂದೇ ತಂದಿಡುತ್ತವೆ, ಹುಟ್ಟಿದ ಜೇಡಗಳು ಗೂಡಿನ ನುಸಿಗಳನ್ನು ತಿನ್ನುವುದರಿಂದ ಮರಿಗಳಿಗೆ ಲಾಭವಿರಬಹುದೆಂದು ಪಕ್ಷಿತಜ್ಞರು ಊಹಿಸುತ್ತಾರೆ.

ಲಕ್ಷಣ: ಕಡ್ಡಿಯ ಬದಲು ಹುಲ್ಲು, ಕಾಗದ, ಪ್ಲಾಸ್ಟಿಕ್

ಗೂಡಿನ ಸಾಮಗ್ರಿಯೇ ಒಳಗಿರುವವರು ಯಾರೆಂದು ಹೇಳಿಬಿಡುತ್ತದೆ. ಹಸಿರು ಪಾಚಿಯ ದಪ್ಪ ಹಾಸಿನ ಮೇಲೆ ಮೊಲದ ಅಥವಾ ಅಳಿಲಿನ ತುಪ್ಪಳ ಹಾಸಿದ್ದರೆ ಅದು ಚಿಕಡೀ ಎಂಬ ಸಣ್ಣ ಸ್ಥಳೀಯ ಹಕ್ಕಿಯದು. ಸಣ್ಣ ತೂತಿನ ಪೆಟ್ಟಿಗೆಗಳಿಗೆ ಅದೂ ಹಕ್ಕುದಾರ, ಅದನ್ನು ಎಬ್ಬಿಸುವಂತಿಲ್ಲ. ಒಣಹುಲ್ಲಿನ ಅಡ್ಡಾದಿಡ್ಡಿ ರಾಶಿ, ಅದರಲ್ಲಿ ಕೋಳಿಗರಿ, ಪ್ಲಾಸ್ಟಿಕ್ ಚೂರು, ದಾರ, ಟಿಶ್ಯೂ ಕಾಗದ, ಮೇಲೆ ಅರೆಬರೆ ಚಾವಣಿ ಇದ್ದರೆ ಅದು ಗುಬ್ಬಚ್ಚಿಯ ಗೂಡು.

ಇಲ್ಲಿ ನಮ್ಮವರಿಗೆ ಒಂದು ಸಂಕಟವಿದೆ. ಊರಿನಲ್ಲಿ ಗುಬ್ಬಚ್ಚಿ ಕಡಿಮೆಯಾಯಿತೆಂದು ಕೊರಗಿ, ಮಾರ್ಚ್ 20ರ ಗುಬ್ಬಚ್ಚಿ ದಿನದಂದು ಬಾಲ್ಕನಿಗೆ ಪೆಟ್ಟಿಗೆ ಹಾಕಿ ಬಂದವರಿಗೆ ಇಲ್ಲಿ ಅದೇ ಹಕ್ಕಿ ದಾಳಿಕೋರನಾಗಿ ಎದುರಾಗುತ್ತದೆ. ಗುಬ್ಬಚ್ಚಿ ಅಮೆರಿಕದ ಹಕ್ಕಿಯಲ್ಲ. 1851ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದುಬಿಟ್ಟವು ಇಡೀ ಖಂಡವನ್ನು ಹರಡಿಕೊಂಡವು. ಪೊಟರೆಯ ಪೈಪೋಟಿಯಲ್ಲಿ ಅದು ಒಳಗಿರುವ ಸಣ್ಣ ಹಕ್ಕಿಯನ್ನು ಕುಕ್ಕಿ ಕೊಲ್ಲುವಷ್ಟು ಗಡುಸು. ಅದಕ್ಕೆ ಒಳಹೊಗಲು ಒಂದೂಕಾಲು ಇಂಚು, ಎಂದರೆ 32 ಮಿಲಿಮೀಟರ್, ಬೇಕು. ಆದುದರಿಂದ ರೆನ್ ಪೆಟ್ಟಿಗೆಯಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದೆಯೆಂದರೆ ತೂತು ದೊಡ್ಡದಿದೆ. ಬೇರೆ ಕಾರಣ ಹುಡುಕುವ ಅಗತ್ಯವೇ ಇಲ್ಲ. ಅಂಗಡಿಗಳಲ್ಲಿ ಸಿಗುವ ಬಣ್ಣಬಣ್ಣದ ಅಲಂಕಾರದ ಪೆಟ್ಟಿಗೆಗಳಲ್ಲಿ ಅನೇಕವುಗಳ ತೂತು ಹೀಗೆಯೇ ಇರುತ್ತದೆ, ಅವುಗಳ ಮುಂದೆ ಚಾಚಿದ ಕೂರುಗಡ್ಡಿಯಂತೂ ರೆನ್‌ಗೆ ಬೇಡವಾದದ್ದು, ಗುಬ್ಬಚ್ಚಿಗೆ ಅನುಕೂಲವಾದದ್ದು. ಅದನ್ನು ಮುರಿದು ತೆಗೆಯಿರಿ.

ಪರಿಹಾರ ಸುಲಭ. ಅರ್ಧ ಇಂಚು ದಪ್ಪದ ಹಲಗೆಯ ತುಂಡಿಗೆ 28 ಅಥವಾ 28.5 ಮಿಲಿಮೀಟರಿನ ತೂತು ಕೊರೆದು, ಹಳೆಯ ತೂತಿನ ಮೇಲೆ ಸರಿಯಾಗಿ ಕೂರಿಸಿ, ಎರಡು ಸ್ಕ್ರೂಗಳಿಂದ ಬಿಗಿಯಬೇಕು. ಅಳಿಲಿನ ಕಾಟವಿರುವಲ್ಲಿ ಅದೇ ಅಳತೆಯ ತೂತಿರುವ ಲೋಹದ ತಗಡು ಮೇಲು. ಈ ಕೆಲಸ ಪೆಟ್ಟಿಗೆ ಖಾಲಿಯಿರುವಾಗ ಅಥವಾ ಕಡ್ಡಿ ತುಂಬುವ ಹಂತದಲ್ಲಿ ಮುಗಿಯಬೇಕು, ರೆನ್ ಮೊಟ್ಟೆ ಇಟ್ಟ ಮೇಲೆ ಸುತ್ತಿಗೆ-ಸ್ಕ್ರೂಡ್ರೈವರ್ ಹಿಡಿದು ಹೋಗುವುದು ಸರಿಯಲ್ಲ.

ಗುಬ್ಬಚ್ಚಿಯ ಗೂಡನ್ನು ತೆಗೆಯುವ ವಿಷಯದಲ್ಲಿ ಕಾನೂನನ್ನು ತಿಳಿದಿರಬೇಕು. 1918ರ ವಲಸೆ ಹಕ್ಕಿ ಒಪ್ಪಂದ ಕಾಯಿದೆಯಡಿ ರೆನ್, ಚಿಕಡೀ, ಬ್ಲೂಬರ್ಡ್ ಮೊದಲಾದ ಸ್ಥಳೀಯ ಹಕ್ಕಿಗಳ ಮೊಟ್ಟೆಯೋ ಮರಿಯೋ ಇರುವ ಗೂಡನ್ನು ಕದಲಿಸುವುದು ಅಪರಾಧ. ಗುಬ್ಬಚ್ಚಿ ಮತ್ತು ಯುರೋಪಿನ ಸ್ಟಾರ್ಲಿಂಗ್ ಹಕ್ಕಿಗೆ ಆ ರಕ್ಷಣೆಯಿಲ್ಲ. ಗುರುತಿನಲ್ಲಿ ಲೇಶವಾದರೂ ಅನುಮಾನವಿದ್ದರೆ ಮುಟ್ಟಬೇಡಿ. ಗುಬ್ಬಚ್ಚಿಯ ಮೊಟ್ಟೆ ಇಪ್ಪತ್ತು ಮಿಲಿಮೀಟರಿಗಿಂತ ಉದ್ದವಾಗಿ, ಬೂದುಬಿಳುಪಿನ ಮೇಲೆ ಬೂದುಗಂದು ಕಲೆಗಳಿಂದ ಕೂಡಿರುತ್ತದೆ. ರೆನ್ ಮೊಟ್ಟೆಯ ಕೆಂಪುಛಾಯೆ ಅದಕ್ಕಿಲ್ಲ. ಜೊತೆಗೆ ಹಿತ್ತಲಿನಲ್ಲಿ ನವಣೆ, ಒಡೆದ ಜೋಳದಂಥ ಅಗ್ಗದ ಕಾಳು ಸುರಿಯುವ ಅಭ್ಯಾಸವಿದ್ದರೆ ಗೂಡಿನ ಕಾಲದಲ್ಲಿ ಅದನ್ನು ನಿಲ್ಲಿಸಿ. ರೆನ್ ಕೀಟಗಳನ್ನೂ ಜೇಡಗಳನ್ನೂ ತಿನ್ನುವ ಹಕ್ಕಿ, ಕಾಳಿಗೆ ಬರುವುದೇ ಇಲ್ಲ. ಕಾಳು ಕರೆಯುವುದು ಗುಬ್ಬಚ್ಚಿಯನ್ನು ಮಾತ್ರ.

ಲಕ್ಷಣ: ಮೊಟ್ಟೆ ಒಡೆದಿದೆ ಅಥವಾ ಕಾಣೆಯಾಗಿದೆ

ಮೊಟ್ಟೆ ನಷ್ಟವಾದಾಗ ಸಿಟ್ಟಿನಲ್ಲಿ ಗೂಡನ್ನು ತಕ್ಷಣ ಚೊಕ್ಕಟ ಮಾಡಿಬಿಡುವವರು ಸಾಕ್ಷ್ಯವನ್ನೇ ಅಳಿಸುತ್ತಾರೆ. ಮೊದಲು ಫೋಟೊ ತೆಗೆಯಿರಿ, ಆಮೇಲೆ ನೆಲ, ಕಂಬ, ತೂತಿನ ಅಂಚು ಇವನ್ನು ಒಂದೊಂದಾಗಿ ನೋಡಿ.

ಗೂಡು ಕದಲಿಲ್ಲ, ಮೊಟ್ಟೆಗಳು ಮಾತ್ರ ಸಂಪೂರ್ಣ ಮಾಯವಾಗಿವೆ, ಚಿಪ್ಪಿನ ಚೂರೂ ಇಲ್ಲ ಎಂದಾದರೆ ಹಾವಿನ ಮೇಲೆ ಅನುಮಾನ ಹೋಗಬೇಕು. ಪೂರ್ವ ರಾಜ್ಯಗಳ ಕಪ್ಪು ಇಲಿಹಾವು ಮರವನ್ನೂ ಮರದ ಕಂಬವನ್ನೂ ಸರಾಗವಾಗಿ ಏರುತ್ತದೆ. ಕಡ್ಡಿಗಳು ಗೊಂಚಲಾಗಿ ತೂತಿನಿಂದ ಹೊರಕ್ಕೆ ಜೋತುಬಿದ್ದು, ಚಾವಣಿ ಅಲುಗಾಡಿ, ಕಂಬದ ಮೇಲೆ ಕೆಸರಿನ ಗುರುತಿದ್ದರೆ ಅದು ರಕೂನ್ ಎಂಬ ಮರವೇರುವ ಕಾಡುಪ್ರಾಣಿಯ ಕೆಲಸ. ರಾತ್ರಿ ಬಂದು ಮುಂಗಾಲನ್ನು ತೂತಿನೊಳಗೆ ಇಳಿಸಿ ಸಿಕ್ಕದ್ದನ್ನು ಬಾಚುತ್ತದೆ. ಬೆಕ್ಕೂ ಹಾಗೆಯೇ ಮಾಡುತ್ತದೆ, ಆದರೆ ಅದು ಹೆಚ್ಚಾಗಿ ಹಿಡಿಯುವುದು ತಾಯಿಯನ್ನು ಅಥವಾ ಹೊರಬಿದ್ದ ಮರಿಯನ್ನು. ಇವೆಲ್ಲಕ್ಕೂ ಪರಿಹಾರ ಒಂದೇ: ಮರಕ್ಕೂ ಬೇಲಿಗೂ ಮೊಳೆ ಹೊಡೆದ ಪೆಟ್ಟಿಗೆಯನ್ನು ಬಿಡಿಸಿ ನುಣುಪಾದ ಲೋಹದ ಕಂಬಕ್ಕೆ ಕಟ್ಟುವುದು, ಕಂಬದ ಸುತ್ತ ಎಂಟು ಇಂಚು ಅಗಲ, ಎರಡಡಿ ಉದ್ದದ ತಗಡಿನ ಕೊಳವೆಯನ್ನು ಮೇಲ್ಬಾಯಿ ಮುಚ್ಚಿ ತೂಗುಹಾಕುವುದು. ಏರಿದ ಪ್ರಾಣಿ ಕೊಳವೆಯೊಳಗೆ ಹೊಕ್ಕು ಮುಂದೆ ದಾರಿ ಕಾಣದೆ ಇಳಿಯುತ್ತದೆ. ಕೊಳವೆಯ ಮೇಲ್ತುದಿ ನೆಲದಿಂದ ನಾಲ್ಕಡಿಗಿಂತ ಕೆಳಗಿರಬಾರದು, ಪೆಟ್ಟಿಗೆಯ ಹತ್ತಿರ ಜಿಗಿಯಲು ಅನುಕೂಲವಾದ ಕೊಂಬೆಯೂ ಇರಬಾರದು. ಕಂಬಕ್ಕೆ ಗ್ರೀಸ್ ಬಳಿಯುವ ಸಲಹೆ ಕೇಳಿಬರುತ್ತದೆ. ಅದು ಹಕ್ಕಿಯ ಗರಿಗೆ ಅಂಟಿದರೆ ಅಪಾಯ, ಮಾಡಬೇಡಿ.

ಇನ್ನೊಂದು ಬಗೆಯ ನಷ್ಟ ಹೆಚ್ಚು ಗೊಂದಲ ಉಂಟುಮಾಡುತ್ತದೆ. ಮೊಟ್ಟೆಗಳು ಅಲ್ಲಿಯೇ ಇವೆ, ಅಥವಾ ಪೆಟ್ಟಿಗೆಯ ಕೆಳಗೆ ಹುಲ್ಲಿನಲ್ಲಿ ಬಿದ್ದಿವೆ. ಎತ್ತಿ ಬೆಳಕಿಗೆ ಹಿಡಿದರೆ ಪ್ರತಿಯೊಂದರಲ್ಲೂ ಸೂಜಿಯ ದಪ್ಪಕ್ಕಿಂತ ತುಸು ದೊಡ್ಡ, ಅಂಚು ಒಳಕ್ಕೆ ಕುಸಿದ ಒಂದೋ ಎರಡೋ ರಂಧ್ರ, ಒಳಗಿನ ಲೋಳೆಯನ್ನು ಯಾರೂ ತಿಂದಿಲ್ಲ. ಇದು ಆಹಾರಕ್ಕಾಗಿ ಮಾಡಿದ ಕೆಲಸವಲ್ಲ, ರೆನ್ ಕೊಕ್ಕಿನ ಕೆಲಸ. ಹೌಸ್ ರೆನ್ ತನ್ನ ಎಲ್ಲೆಯೊಳಗೆ ಗೂಡು ಮಾಡಿದ ಬ್ಲೂಬರ್ಡ್, ಟ್ರೀ ಸ್ವಾಲೋ, ಚಿಕಡೀ ಹಕ್ಕಿಗಳ ಮೊಟ್ಟೆಗಳನ್ನೂ, ಕೆಲವೊಮ್ಮೆ ಬೇರೆ ರೆನ್‌ಗಳ ಮೊಟ್ಟೆಗಳನ್ನೂ ಹೀಗೆ ಚುಚ್ಚಿ ಹಾಳುಮಾಡಿ ಎಸೆಯುತ್ತದೆ, ಮೇಲೆ ಕಡ್ಡಿಯನ್ನೂ ತುಂಬುತ್ತದೆ. ನಡುವೆ ಗಂಡು ಸತ್ತು ಹೊಸ ಗಂಡು ಬಂದರೆ ಅದು ಹಿಂದಿನ ಮೊಟ್ಟೆಗಳನ್ನು ನಾಶಮಾಡಿ ಹೆಣ್ಣಿನೊಡನೆ ಹೊಸದಾಗಿ ಆರಂಭಿಸುವುದೂ ಇದೆ. ನೋಡುವವರಿಗೆ ಬೇಸರವಾಗುವುದು ಸಹಜ. ಬ್ಲೂಬರ್ಡ್ ಪ್ರಿಯರಲ್ಲಿ ರೆನ್ ಹೆಸರೆತ್ತಿದರೆ ಮುಖ ಸಿಂಡರಿಸುವವರಿದ್ದಾರೆ. ಆದರೆ ರೆನ್ ಕೂಡ ಸ್ಥಳೀಯ ಹಕ್ಕಿ, ಅದೇ ಕಾಯಿದೆಯ ರಕ್ಷಣೆ ಅದಕ್ಕೂ ಇದೆ. ಅದನ್ನು ಓಡಿಸಲು ಹೋಗುವುದಕ್ಕಿಂತ ಪೆಟ್ಟಿಗೆಗಳ ಜಾಗ ಬದಲಿಸುವುದು ಸರಿಯಾದ ದಾರಿ. ರೆನ್ ಪೊದೆ ಮತ್ತು ಮರಗಳ ಅಂಚನ್ನು ಬಿಟ್ಟು ಬಯಲಿಗೆ ಬರಲು ಹಿಂಜರಿಯುತ್ತದೆ, ಬ್ಲೂಬರ್ಡ್ ಬಯಲು ಹುಲ್ಲುಗಾವಲನ್ನೇ ಬಯಸುತ್ತದೆ. ಬ್ಲೂಬರ್ಡ್ ಪೆಟ್ಟಿಗೆಯನ್ನು ಪೊದೆಯಿಂದ ನೂರು ಅಡಿಗಿಂತ ದೂರಕ್ಕೆ ಸಾಗಿಸಿದರೆ ಜಗಳ ಬಹುಮಟ್ಟಿಗೆ ನಿಲ್ಲುತ್ತದೆ. ಅಷ್ಟು ಜಾಗವಿಲ್ಲದ ಸಣ್ಣ ಹಿತ್ತಲಿನವರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡನ್ನೂ ಸಾಕುವ ಆಸೆಯೇ ಅಲ್ಲಿ ದೋಷದ ಮೂಲ. ಹಾಗೆಯೇ ಒಂದೇ ಹಿತ್ತಲಿಗೆ ನಾಲ್ಕಾರು ರೆನ್ ಪೆಟ್ಟಿಗೆ ತೂಗಿದರೆ ನಾಲ್ಕಾರು ಸಂಸಾರ ಬರುವುದಿಲ್ಲ, ಒಂದೇ ಗಂಡು ಎಲ್ಲಕ್ಕೂ ಕಡ್ಡಿ ತುಂಬುತ್ತದೆ.

ಲಕ್ಷಣ: ಮೊಟ್ಟೆಗಳು ತಣ್ಣಗಿವೆ, ತಾಯಿ ಕಾಣುವುದಿಲ್ಲ

ಮೊಟ್ಟೆಯಿಡುವ ದಿನಗಳಲ್ಲಿ ಇದು ದೋಷವೇ ಅಲ್ಲ. ಹೆಣ್ಣು ಕೊನೆಯ ಮೊಟ್ಟೆಗಳ ಹೊತ್ತಿಗೆ ಮಾತ್ರ ಕಾವು ಕೂರಲು ಆರಂಭಿಸುವುದರಿಂದ ಅದಕ್ಕೆ ಮೊದಲು ಮೊಟ್ಟೆ ತಣ್ಣಗಿರುವುದೇ ಸಹಜ. ಎರಡು ಭೇಟಿಗಳ ನಡುವೆ ಮೊಟ್ಟೆಯ ಸಂಖ್ಯೆ ಹೆಚ್ಚಿದ್ದರೆ ತಾಯಿ ಇದೆ. ಕಾವು ಕೂರುವಾಗಲೂ ಗಂಡು ಆ ಕೆಲಸದಲ್ಲಿ ನೆರವಾಗದ ಕಾರಣ ಹೆಣ್ಣು ಹಗಲಲ್ಲಿ ಪದೇ ಪದೇ ಮೇಯಲು ಹೊರಡುತ್ತದೆ, ಆದುದರಿಂದ ಒಂದು ಭೇಟಿಯಲ್ಲಿ ಕಾಣಲಿಲ್ಲವೆಂದು ತೀರ್ಮಾನಿಸಬಾರದು. ದೂರದಿಂದ ಒಂದು ಗಂಟೆ ನೋಡಿ. ಮೊಟ್ಟೆ ಪೂರ್ತಿಯಾಗಿ ಮೂರು ವಾರ ದಾಟಿದರೂ ಯಾವುದೂ ಒಡೆಯದಿದ್ದರೆ ಅವು ಕೆಟ್ಟಿವೆ ಎಂದು ತಿಳಿಯಬಹುದು. ತಾಯಿ ಬೆಕ್ಕಿಗೆ ಸಿಕ್ಕಿರಬಹುದು, ನಡುವೆ ದೀರ್ಘ ಕಾಲ ಚಳಿಮಳೆ ಹಿಡಿದಿರಬಹುದು. ಆಗಲೂ ಋತು ಮುಗಿಯುವವರೆಗೆ ಗೂಡನ್ನು ಹಾಗೆಯೇ ಬಿಡುವುದು ಕ್ಷೇಮ. ಮರಿಗಳ ನಡುವೆ ಒಡೆಯದ ಒಂದು ಮೊಟ್ಟೆ ಉಳಿದಿದ್ದರೆ ಅದರ ಬಗ್ಗೆ ಚಿಂತೆಯೇ ಬೇಡ.

ಲಕ್ಷಣ: ಮರಿಗಳು ಸತ್ತಿವೆ ಅಥವಾ ಸೊರಗಿವೆ

ಮೊದಲು ಹೊರಗಿನಿಂದ ನೋಡಿ. ತಾಯಿತಂದೆ ಎರಡೂ ಹುಳು ಹಿಡಿದು ಒಳಹೋಗಿ, ಹೊರಬರುವಾಗ ಕೊಕ್ಕಿನಲ್ಲಿ ಬಿಳಿಯ ಸಣ್ಣ ಚೀಲವೊಂದನ್ನು ಒಯ್ಯುತ್ತಿದ್ದರೆ ಒಳಗೆ ಮರಿಗಳು ಉಂಡು ಆರೋಗ್ಯವಾಗಿವೆ. ಅದು ಮರಿಗಳ ಹಿಕ್ಕೆಯ ಚೀಲ. ಹೋಗಿಬರುವುದು ನಿಂತಿದ್ದರೆ ಪೆಟ್ಟಿಗೆ ತೆರೆಯಿರಿ.

ಮರಿಗಳು ತೂತಿನ ಬಳಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಬಿಸಿಲಿನ ತೊಂದರೆ. ತೆಳುಹಲಗೆಯ, ಗಾಢಬಣ್ಣ ಬಳಿದ, ಗಾಳಿಗೆ ಸಂದಿಯಿಲ್ಲದ ಪೆಟ್ಟಿಗೆ ಜುಲೈ ತಿಂಗಳ ಪಡುವಣ ಬಿಸಿಲಿಗೆ ಒಲೆಯಾಗುತ್ತದೆ. ಮರಿಗಳಿರುವಾಗ ಪೆಟ್ಟಿಗೆಯನ್ನು ಬೇರೆಡೆಗೆ ಸಾಗಿಸುವಂತಿಲ್ಲ. ಒಂದು ಹಲಗೆಯನ್ನೋ ಬಟ್ಟೆಯನ್ನೋ ಚಾವಣಿಯ ಮೇಲೆ ಒಂದಂಗುಲ ಸಂದಿ ಬಿಟ್ಟು ನೆರಳಿಗೆ ಕಟ್ಟಿ. ಮುಂದಿನ ವರ್ಷಕ್ಕೆ ಮುಕ್ಕಾಲು ಇಂಚು ದಪ್ಪದ, ಬಣ್ಣ ಬಳಿಯದ ಸೀಡರ್ ಅಥವಾ ಪೈನ್ ಹಲಗೆಯ ಪೆಟ್ಟಿಗೆ ಮಾಡಿ, ಗೋಡೆಯ ಮೇಲಂಚಿನಲ್ಲಿ ಗಾಳಿಕಿಂಡಿ, ತಳದ ಮೂಲೆಗಳಲ್ಲಿ ನೀರು ಇಳಿಯುವ ರಂಧ್ರ ಬಿಟ್ಟು, ತೂತನ್ನು ಮೂಡಣಕ್ಕೆ ತಿರುಗಿಸಿ.

ಗೂಡಿನ ತಳ ಒದ್ದೆಯಾಗಿ ಮುಗ್ಗುವಾಸನೆ ಬಂದರೆ ಚಾವಣಿ ಸೋರುತ್ತಿದೆ ಅಥವಾ ತಳದ ರಂಧ್ರ ಕಟ್ಟಿದೆ. ಮರಿಗಳ ಹೊಟ್ಟೆಯ ಮೇಲೆ, ರೆಕ್ಕೆಯ ಬುಡದಲ್ಲಿ ಕಪ್ಪು ಹೆಪ್ಪುಗಲೆಗಳಿದ್ದರೆ ನೀಲಿನೊಣದ ಹುಳುಗಳನ್ನು ಅನುಮಾನಿಸಬೇಕು. ಅವು ಹಗಲು ಗೂಡಿನ ಒಳಪದರದಲ್ಲಿ ಅಡಗಿ ರಾತ್ರಿ ಮೇಲೆದ್ದು ಮರಿಗಳ ರಕ್ತ ಹೀರುತ್ತವೆ. ಸಂಖ್ಯೆ ಕಡಿಮೆಯಿದ್ದರೆ ಮರಿಗಳು ತಾಳಿಕೊಳ್ಳುತ್ತವೆ. ಗೂಡಿಗೆ ಕೀಟನಾಶಕ ಪುಡಿ ಉದುರಿಸುವುದು ರೋಗಕ್ಕಿಂತ ಕೆಟ್ಟ ಮದ್ದು. ಮರಿಗಳೆಲ್ಲ ಒಟ್ಟಿಗೇ ಸತ್ತು, ಗಾಯವಿಲ್ಲ, ಹುಳುವಿಲ್ಲ, ಒದ್ದೆಯಿಲ್ಲ ಎಂದಾದರೆ ಎರಡು ಮಾತು ವಿಚಾರಿಸಿ: ಹಿಂದಿನ ದಿನಗಳಲ್ಲಿ ಸತತ ಮಳೆ ಹಿಡಿದು ಕೀಟ ಸಿಗದಂತಾಗಿತ್ತೇ, ಮತ್ತು ನಿಮ್ಮ ಅಥವಾ ನೆರೆಯವರ ಹುಲ್ಲಿಗೆ ಔಷಧ ಸಿಂಪಡಿಸಿದ್ದರೇ.

ಲಕ್ಷಣ: ಯಾವ ಹಕ್ಕಿಯೂ ಬರುವುದಿಲ್ಲ

ಪೆಟ್ಟಿಗೆ ಜೂನ್‌ನಲ್ಲಿ ಹಾಕಿದ್ದರೆ ತಡವಾಗಿದೆ, ಏಪ್ರಿಲ್ ಮಧ್ಯಕ್ಕೆ ಮೊದಲೇ ಇರಬೇಕು. ಎತ್ತರ ಐದರಿಂದ ಹತ್ತು ಅಡಿ, ತಳದ ಅಗಲ ನಾಲ್ಕಿಂಚು ಚೌಕ, ಹತ್ತಿರದಲ್ಲಿಯೇ ಪೊದೆ: ಇಷ್ಟಿದ್ದರೆ ಉಳಿದದ್ದರ ಬಗ್ಗೆ ಈ ಹಕ್ಕಿಗೆ ಅಂಥ ಹಟವಿಲ್ಲ, ಕೊಂಬೆಯಿಂದ ತೂಗಾಡುವ ಪೆಟ್ಟಿಗೆಯನ್ನೂ ಒಪ್ಪುತ್ತದೆ. ನಾಲ್ಕು ಕಡೆಯೂ ಕತ್ತರಿಸಿದ ಹುಲ್ಲಿನ ನಡುವೆ ಒಂಟಿ ಕಂಬಕ್ಕೆ ಸಿಕ್ಕಿಸಿದ ಪೆಟ್ಟಿಗೆ ಖಾಲಿ ಉಳಿದರೆ ಆಶ್ಚರ್ಯವಿಲ್ಲ. ಉದುರಿದ ಒಣಕಡ್ಡಿಗಳನ್ನು ವಾರವಾರವೂ ಗುಡಿಸಿ ಚೀಲಕ್ಕೆ ತುಂಬುವ ಹಿತ್ತಲಿನಲ್ಲಿ ಕಟ್ಟುವ ಸಾಮಗ್ರಿಯೂ ಇರುವುದಿಲ್ಲ, ಮರಿಗೆ ಬೇಕಾದ ಹುಳುವೂ ಇರುವುದಿಲ್ಲ; ಒಂದು ಮೂಲೆಯಲ್ಲಿ ಕಡ್ಡಿಗಳ ರಾಶಿ ಬಿಟ್ಟು ನೋಡಿ. ಒಳಚಾವಣಿಗೆ ಕಣಜ ಗೂಡಿಟ್ಟಿದ್ದರೂ ಹಕ್ಕಿ ಹೊಗುವುದಿಲ್ಲ. ಗೂಡು ಚಿಕ್ಕದಿರುವಾಗಲೇ ಮುಂಜಾನೆಯ ತಂಪಿನಲ್ಲಿ ಕೆರೆದು ತೆಗೆದು, ಚಾವಣಿಯ ಒಳಮೈಗೆ ಸ್ನಾನದ ಸೋಪನ್ನು ಉಜ್ಜಿದರೆ ಕಣಜದ ಬುಡ ಅಂಟುವುದಿಲ್ಲ.

ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಕ್ಕಿಗಳು ದಕ್ಷಿಣಕ್ಕೆ ಹೋದ ಮೇಲೆ ಗೂಡನ್ನು ಪೂರ್ತಿ ತೆಗೆಯಬೇಕು. ಫೆಬ್ರವರಿ-ಮಾರ್ಚ್‌ನಲ್ಲಿ ತೆರೆದಾಗ ಒಳಗೆ ನುಣ್ಣಗೆ ಸಿಗಿದ ನಾರು, ಬಟ್ಟೆಚೂರು, ಓಕ್ ಕಾಯಿಯ ಸಿಪ್ಪೆ ಕಂಡರೆ ಚಳಿಗಾಲದಲ್ಲಿ ಅಲ್ಲಿ ಇಲಿ ವಾಸ ಮಾಡಿದೆ. ಇಲಿಯ ಹಿಕ್ಕೆಯ ಧೂಳಿನಿಂದ ಹಾಂಟಾವೈರಸ್ ತಗಲುವ ಅಪಾಯವಿರುವುದರಿಂದ ಅದನ್ನು ಒಣಗಿದ್ದಾಗ ಗುಡಿಸಬಾರದು: ಕೈಗವಸು ಮತ್ತು ಮಾಸ್ಕ್ ಧರಿಸಿ, ಬ್ಲೀಚ್ ಬೆರೆಸಿದ ನೀರನ್ನು ಚಿಮುಕಿಸಿ ಐದು ನಿಮಿಷ ನೆನೆಯಲು ಬಿಟ್ಟು, ಹಸಿಯಾಗಿಯೇ ಚೀಲಕ್ಕೆ ತೆಗೆದುಹಾಕಿ, ಪೆಟ್ಟಿಗೆಯನ್ನು ತೊಳೆದು ಬಿಸಿಲಿಗೆ ಬಾಗಿಲು ತೆರೆದಿಟ್ಟು ಒಣಗಿಸಿ, ನಾಣ್ಯದಿಂದ ತೂತನ್ನು ಇನ್ನೊಮ್ಮೆ ಅಳೆದು ಚಿಲಕ ಹಾಕಿ.